ಮಾಂಜ್ರಾ ಸೀಮೆಯ ಹಕ್ಕಿಗಳು: ಒಡಲು, ಉಣಿಸು, ನೆಲೆ

ಈ ಸ್ಮರಣ ಸಂಚಿಕೆಗಾಗಿ ನಮ್ಮ ಕಂಗ್ಟಿ ಸೀಮೆಯ ಇತಿಹಾಸವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಬರೆಯಲು ಕುಳಿತ ಮೇಲೆ ಸಂಕೋಚವಾಯಿತು. ಕಲ್ಯಾಣದ ಚಾಲುಕ್ಯರನ್ನು, ಬೀದರಿನ ಬಹಮನಿ ಸುಲ್ತಾನರನ್ನು, ಹೈದರಾಬಾದಿನ ನಿಜಾಮರನ್ನು ಕುರಿತು ನಮಗಿಂತ ಬಲ್ಲವರು ಬರೆದಿದ್ದಾರೆ. ಅದನ್ನೇ ಮತ್ತೆ ಎತ್ತಿ ಬರೆದುಕೊಡುವುದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ‘ನಕಲು ಮಾಡಬೇಡಿ’ ಎಂದು ಗದರಿಸಿದ ಮಾಸ್ತರನಿಗೆ ಶೋಭಿಸುವ ಕೆಲಸವಲ್ಲ. ಆದ್ದರಿಂದ ಆ ಅರಸರೆಲ್ಲರಿಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು, ಈ ನೆಲಕ್ಕೂ ನೀರಿಗೂ ತಕ್ಕಂತೆ ತಮ್ಮ ಒಡಲನ್ನು ತಿದ್ದಿಕೊಂಡು ಬಾಳಿದ ಹಕ್ಕಿಗಳ ಇತಿಹಾಸವನ್ನು ನಾವು ಆರಿಸಿಕೊಂಡಿದ್ದೇವೆ. ಇದು ಇತಿಹಾಸವೇ ಎಂದು ಕೇಳುವವರು ಕೊನೆಯವರೆಗೆ ಓದಿ ತೀರ್ಮಾನಿಸಬೇಕೆಂದು ಪ್ರಾರ್ಥನೆ.

ನಮ್ಮ ಕಡೆಯ ಇತಿಹಾಸವೆಂದ ಮೇಲೆ ಗಡಿಯ ಮಾತು ಬಾರದೆ ಇರದು. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಭಾಷಾವಾರು ಹಂಚಿದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ, ನ್ಯಾಲಕಲ್ ವಲಯ, ಹಾಗೆಯೇ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ನಾವು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕುಳಿತಂತೆಯೇ ಮೂರು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಕಂಡೆವು. ಆದರೆ ಒಂದು ಹಕ್ಕಿಯ ವಿಷಯದಲ್ಲಿ ಎರಡೂ ಸರಕಾರಗಳು ಒಂದೇ ಮಾತಿಗೆ ಬಂದಿವೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ತೆಲಂಗಾಣದ ರಾಜ್ಯಪಕ್ಷಿ ಪಾಲಪಿಟ್ಟ. ಎರಡೂ ಒಂದೇ ಹಕ್ಕಿ. ದಸರೆಯ ದಿನ ಬನ್ನಿ ಮುಡಿಯಲು ಊರ ಹೊರಗೆ ಹೋದಾಗ ಅದರ ದರ್ಶನವಾದರೆ ವರ್ಷವೆಲ್ಲ ಶುಭವೆಂದು ನಂಬುವವರು ನಮ್ಮಲ್ಲಿ ಎರಡು ಭಾಷೆಯವರಲ್ಲಿಯೂ ಇದ್ದಾರೆ. (ಆ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಅದನ್ನು ಬಲೆಹಾಕಿ ಹಿಡಿದು, ಪಂಜರದಲ್ಲಿ ತೋರಿಸಿ ಕಾಸು ಕೇಳುವವರೂ ಇದ್ದಾರೆ. ಅಂಥ ದರ್ಶನದಿಂದ ಯಾವ ಶುಭವೂ ಆಗದು.)

ತಂತಿಯ ಮೇಲೆ ಕುಳಿತ ನೀಲಕಂಠವನ್ನು ಒಮ್ಮೆ ನಿಂತು ನೋಡಬೇಕು. ದಪ್ಪ ತಲೆ, ಗಟ್ಟಿ ಕೊಕ್ಕು, ಕೊಕ್ಕಿನ ತುದಿಯಲ್ಲಿ ಸಣ್ಣದೊಂದು ಬಾಗು. ಕಾಲುಗಳು ಮಾತ್ರ ಗಿಡ್ಡ. ನೆಲದ ಮೇಲೆ ಇಳಿದರೆ ಕುಪ್ಪಳಿಸುವುದೇ ಹೊರತು ಕೋಳಿಯಂತೆ ಓಡಾಡಲಾರದು. ಏಕೆಂದರೆ ಅದರ ವೃತ್ತಿ ಓಡಾಡುವುದಲ್ಲ. ಎತ್ತರದಲ್ಲಿ ಕಾದು ಕುಳಿತು, ಮಿಡತೆಯೋ ಜೀರುಂಡೆಯೋ ಅಲುಗಿದ ಕೂಡಲೆ ಎರಗಿ, ಕಚ್ಚಿಕೊಂಡು ಮರಳಿ ಕುಳಿತಲ್ಲಿಗೇ ಬರುವುದು. ಕಾಯುವವನಿಗೆ ಕಣ್ಣು, ರೆಕ್ಕೆ, ಕೊಕ್ಕು ಸಾಕು. ಒಂದು ಹಕ್ಕಿಯ ಮೈಯನ್ನು ಹೀಗೆ ಓದಲು ಕಲಿತರೆ ಅದು ಏನು ತಿನ್ನುತ್ತದೆ, ಎಲ್ಲಿ ಇರುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಶಾಸನವನ್ನು ಓದಬಲ್ಲವನಿಗೆ ಕಲ್ಲು ಮಾತಾಡುವ ಹಾಗೆ ಕೊಕ್ಕು ಮಾತಾಡುತ್ತದೆ.

ಈ ಓದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕಂಗ್ಟಿಯಿಂದ ನೂರು ಕಿಲೋಮೀಟರಿನ ಒಳಗೇ ಇರುವ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಗಳ ಭಾಗದಲ್ಲಿ ಕೋಳಿಯ ಕಾಳಗ, ಲಾವುಗೆಯ ಕಾಳಗ, ಪಾರಿವಾಳದ ವಿನೋದ, ಡೇಗೆಯ ಬೇಟೆ ಇವುಗಳಿಗೆ ಬೇರೆ ಬೇರೆ ಪ್ರಕರಣಗಳೇ ಇವೆ. ಬೇಟೆಗೆ ಹಕ್ಕಿಯನ್ನು ಪಳಗಿಸುವವನು ಅದರ ಉಗುರು, ರೆಕ್ಕೆ, ಹಸಿವು ಇವನ್ನು ಬಲ್ಲವನಾಗಿರಲೇಬೇಕು. ವಿಜಯನಗರವನ್ನಾಳಿದ ಸಾಳುವ ವಂಶದ ಹೆಸರಿನಲ್ಲಿರುವ ‘ಸಾಳುವ’ ಎಂಬುದೂ ಬೇಟೆಯ ಹಕ್ಕಿಯ ಹೆಸರೇ. ಆದರೆ ಅರಸರು ಕಂಡದ್ದು ತಮ್ಮ ವಿನೋದಕ್ಕೆ ಒದಗುವ ಹಕ್ಕಿಗಳನ್ನು ಮಾತ್ರ. ಹೊಲದ ಬದುವಿನಲ್ಲಿ ಕುಳಿತ ಬಡ ಟಿಟ್ಟಿಭವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಇನ್ನೂ ಏಳು ನೂರು ವರ್ಷ ಬೇಕಾಯಿತು. ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬ ಆಂಗ್ಲನು 1862 ಮತ್ತು 1864ರ ನಡುವೆ ಭಾರತದ ಹಕ್ಕಿಗಳನ್ನು ಕುರಿತ ಸಂಪುಟಗಳನ್ನು ಪ್ರಕಟಿಸಿದನು. ದೇಶಭಾಷೆಗಳಲ್ಲಿ ಬಳಕೆಯಲ್ಲಿದ್ದ ಹಕ್ಕಿಯ ಹೆಸರುಗಳನ್ನೂ ಅವನು ಕೇಳಿ ಬರೆದುಕೊಂಡದ್ದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಮೊದಲ ವ್ಯವಸ್ಥಿತ ಗಣತಿ ನಡೆದದ್ದು 1931–32ರಲ್ಲಿ. ಮಾಡಿದವರು ಡಾ. ಸಲೀಂ ಅಲಿಯವರು. ಜರ್ಮನಿಯಲ್ಲಿ ಪಕ್ಷಿಶಾಸ್ತ್ರದ ತರಬೇತಿ ಪಡೆದು ಮರಳಿದಾಗ ಅವರಿಗೆ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಕೆಲಸವೂ ಹೋಗಿತ್ತು. ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಕುಳಿತು ಗೀಜಗನ ಗೂಡುಗಳನ್ನು ನೋಡುತ್ತ ಕಾಲ ಕಳೆದರು. ಗಂಡು ಗೀಜಗ ಗೂಡನ್ನು ಅರ್ಧ ನೇಯ್ದು ಹೆಣ್ಣಿಗೆ ತೋರಿಸುತ್ತದೆ, ಅವಳು ಒಪ್ಪಿದರೆ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬುದು ಆ ನಿರುದ್ಯೋಗದ ದಿನಗಳಲ್ಲಿ ಅವರು ಕಂಡುಕೊಂಡ ಸತ್ಯ. ಆ ಬಳಿಕ ‘ಸಂಬಳ ಬೇಡ, ಪ್ರವಾಸದ ಖರ್ಚು ಕೊಟ್ಟರೆ ಸಾಕು, ಸಂಸ್ಥಾನಗಳ ಹಕ್ಕಿಗಳನ್ನು ಲೆಕ್ಕ ಹಾಕಿಕೊಡುತ್ತೇನೆ’ ಎಂದು ಮುಂದೆ ಬಂದರು. ಮೊದಲು ಒಪ್ಪಿದ್ದು ಹೈದರಾಬಾದ್. ಪತ್ನಿ ತಹ್ಮೀನಾ ಅವರೂ ಶಿಬಿರಗಳಲ್ಲಿ ಜೊತೆಗಿದ್ದರು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು ಒಳಗೊಂಡಿದ್ದ ಆ ಸಂಸ್ಥಾನದ ವರದಿ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಕಂತುಗಳಾಗಿ ಬಂದಿತು. ಮೈಸೂರಿನ ಹಕ್ಕಿಗಳ ಸರದಿ ಬಂದದ್ದು ಅದಾದ ಮೇಲೆ. ಈ ಒಂದು ವಿಷಯದಲ್ಲಿಯಾದರೂ ನಮ್ಮ ಕಡೆ ಮೈಸೂರಿಗಿಂತ ಮುಂದಿತ್ತೆಂದು ಹೇಳಿಕೊಳ್ಳಲು ನಮಗೆ ಹೆಮ್ಮೆ.

1931 ಎಂಬ ವರ್ಷದ ಹಿಂದೆ ಸರಿಯಾಗಿ ನೂರು ವರ್ಷದ ಇನ್ನೊಂದು ವರ್ಷವಿದೆ. 1831ರ ಡಿಸೆಂಬರದಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ಇಪ್ಪತ್ತೆರಡರ ತರುಣ ಹಡಗು ಹತ್ತಿದ. 1835ರಲ್ಲಿ ಗಲಪಗಾಸ್ ದ್ವೀಪಗಳಿಂದ ಅವನು ತಂದ ಸಣ್ಣ ಹಕ್ಕಿಗಳು, ಕೊಕ್ಕು ಎಷ್ಟೇ ಬೇರೆಯಾಗಿದ್ದರೂ, ಒಂದೇ ಮನೆತನದವೆಂದು ಲಂಡನ್ನಿನಲ್ಲಿ ಗುರುತಿಸಿದವನು ಗೌಲ್ಡ್ ಎಂಬ ಪಕ್ಷಿತಜ್ಞ. ಕಾಳು ಒಡೆಯುವುದಕ್ಕೆ ದಪ್ಪ ಕೊಕ್ಕು, ಹುಳು ಹೆಕ್ಕುವುದಕ್ಕೆ ತೆಳು ಕೊಕ್ಕು, ಪಾಪಾಸುಕಳ್ಳಿಯ ಹೂವಿಗೆ ನೀಳ ಕೊಕ್ಕು. ಒಂದೇ ಮೂಲದಿಂದ ಇಷ್ಟು ಕೊಕ್ಕು ಹೇಗೆ ಬಂದವು?

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೊಕ್ಕರೆಯ ಕಾಲು ನೀರಿನಲ್ಲಿ ನಿಲ್ಲಲೆಂದು ಉದ್ದವಾಯಿತು, ಗಿಡುಗನ ಉಗುರು ಬೇಟೆಗೆಂದು ಚೂಪಾಯಿತು ಎಂದೇ ನಾವು ಎಷ್ಟೋ ವರ್ಷ ಪಾಠ ಹೇಳಿದೆವು. ಈ ಲೇಖನದ ಮೊದಲಲ್ಲಿಯೂ ಹಕ್ಕಿಗಳು ‘ಒಡಲನ್ನು ತಿದ್ದಿಕೊಂಡು’ ಎಂದು ಬರೆದಿದ್ದೇವೆ. ಹಳೆಯ ರೂಢಿ ಬಿಡುವುದಿಲ್ಲ. ನಿಜವಾಗಿ ಯಾವ ಹಕ್ಕಿಯೂ ತನ್ನನ್ನು ತಾನು ತಿದ್ದಿಕೊಳ್ಳಲಾರದು. ನಮ್ಮ ತಾಯಂದಿರು ರಾಶಿಗೆ ಮೊದಲು ಹೊಲದಲ್ಲಿ ನಡೆದು, ತುಂಬಿ ನಿಂತ ಜೋಳದ ತೆನೆಗಳನ್ನು ಬೀಜಕ್ಕೆಂದು ಆರಿಸಿ ಬೇರೆ ಕಟ್ಟಿಡುತ್ತಿದ್ದರು. ಜೋಳ ತಾನಾಗಿ ದೊಡ್ಡ ತೆನೆ ಬಿಡಲು ಶ್ರಮಿಸಲಿಲ್ಲ; ದೊಡ್ಡ ತೆನೆಯದಕ್ಕೆ ಮಾತ್ರ ಮುಂದಿನ ವರ್ಷದ ಮಣ್ಣು ಸಿಕ್ಕಿತು. ಹಕ್ಕಿಗಳ ವಿಷಯದಲ್ಲಿ ಹಾಗೆ ಆರಿಸುವ ತಾಯಿ ಬರ, ನೆರೆ, ಹಸಿವು.

ಇದು ಬರಿಯ ಊಹೆಯಲ್ಲ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ಎಂಬ ದಂಪತಿ 1973ರಿಂದ ಆ ದ್ವೀಪಗಳಲ್ಲೊಂದಾದ ಡ್ಯಾಫ್ನೆ ಮೇಜರಿನಲ್ಲಿ ಒಂದೊಂದು ಹಕ್ಕಿಯನ್ನೂ ಹಿಡಿದು ಅಳೆದು ಬಿಟ್ಟರು. 1977ರಲ್ಲಿ ಅಲ್ಲಿ ಭೀಕರ ಬರ ಬಂದಿತು. ಮೃದುವಾದ ಸಣ್ಣ ಬೀಜಗಳೆಲ್ಲ ತೀರಿ, ಉಳಿದದ್ದು ನಮ್ಮ ನೆಗ್ಗಿಲು ಮುಳ್ಳಿನ ದಾಯಾದಿಯಾದ ಒಂದು ಗಿಡದ ಗಟ್ಟಿ ಕಾಯಿ. ಬರಿಗಾಲಿನಲ್ಲಿ ಶಾಲೆಗೆ ಹೋದ ನಮ್ಮ ತಲೆಮಾರಿನವರಿಗೆ ನೆಗ್ಗಿಲಿನ ಗಟ್ಟಿತನವನ್ನು ವಿವರಿಸಬೇಕಿಲ್ಲ. ಅದನ್ನು ಒಡೆಯಬಲ್ಲ ದಪ್ಪ ಕೊಕ್ಕಿನವು ಬದುಕಿದವು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾದವು. ಬದುಕಿದವುಗಳ ಮರಿಗಳ ಕೊಕ್ಕು ಹಿಂದಿನ ತಲೆಮಾರಿಗಿಂತ ಸುಮಾರು ಅರ್ಧ ಮಿಲಿಮೀಟರು ದಪ್ಪವಾಗಿತ್ತು. ಕೆಲವು ವರ್ಷಗಳ ನಂತರ ವಿಪರೀತ ಮಳೆಯಾಗಿ ಸಣ್ಣ ಬೀಜ ಹುಲುಸಾದಾಗ ಸಣ್ಣ ಕೊಕ್ಕಿನವುಗಳ ಕಾಲ ಬಂದಿತು. ಅರ್ಧ ಮಿಲಿಮೀಟರು ಎಂದರೆ ಉಗುರಿನ ದಪ್ಪ. ಆ ಉಗುರಿನ ದಪ್ಪದಲ್ಲಿ ಸಾವಿರ ಜೀವಗಳ ಅಳಿವು ಉಳಿವು ನಿರ್ಧಾರವಾಯಿತು. 1972ರ ಬರವನ್ನು ಕಂಡ ನಮಗೆ ಆ ಮಾತು ಪುಸ್ತಕದ ಮಾತೆನಿಸುವುದಿಲ್ಲ.

ಇನ್ನು ನಮ್ಮ ಹೊಲಕ್ಕೆ ಬರೋಣ. ಹಿಂಗಾರಿಯ ಬಿಳಿಜೋಳ ಹಾಲುಗಾಳಿಗೆ ಬಂದಾಗ ಅಟ್ಟ ಕಟ್ಟಿ, ಕವಣೆ ಬೀಸಿ ಹಕ್ಕಿ ಕಾಯುವುದು ನಮ್ಮ ಬಾಲ್ಯದ ನೌಕರಿ. ಆ ಅಟ್ಟದ ಮೇಲೆ ನಾವು ಕಲಿತ ಜೀವಶಾಸ್ತ್ರವನ್ನು ಬಿ.ಎಡ್. ಕಾಲೇಜು ಕಲಿಸಲಿಲ್ಲ. ಗುಬ್ಬಿ ಕಾಳನ್ನು ಕೊಕ್ಕಿನ ಅಂಚಿನಲ್ಲಿಟ್ಟು ನಾಲಗೆಯಿಂದ ತಿರುವಿ ಸಿಪ್ಪೆ ಬಿಡಿಸಿ ಕಾಳಷ್ಟನ್ನೇ ನುಂಗುತ್ತದೆ. ಗಿಳಿಯ ರೀತಿ ಬೇರೆ. ಅದರ ಮೇಲ್ಕೊಕ್ಕು ತಲೆಬುರುಡೆಗೆ ಬಿಗಿದಿಲ್ಲ, ಕೀಲಿನಂತೆ ಏಳುತ್ತದೆ; ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ತೆನೆಯನ್ನು ಕತ್ತರಿಸಿ, ಒಂದು ಕಾಲಿನಲ್ಲಿ ಹಿಡಿದು, ನಾವು ಜೋಳದ ಸೀತನಿ ತಿನ್ನುವ ಹಾಗೆ ತಿನ್ನುತ್ತದೆ. ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು; ಆ ಸಿಟ್ಟು ನಮಗೆ ಇನ್ನೂ ಇಳಿದಿಲ್ಲ. ಗೀಜಗನ ಕೊಕ್ಕು ಗುಬ್ಬಿಯದರಂತೆ ಕಾಳಿನ ಕೊಕ್ಕೇ ಆದರೂ ಅದಕ್ಕೆ ಸೂಜಿಯ ಕೆಲಸವೂ ಗೊತ್ತು. ಕಬ್ಬಿನ ಗರಿಯ ಅಂಚನ್ನು ಕಚ್ಚಿ ಹಾರಿದರೆ ಉದ್ದನೆಯ ಎಳೆ ಸೀಳಿ ಬರುತ್ತದೆ, ಅದರಿಂದ ಬಾವಿಯ ಮೇಲಿನ ಈಚಲಿಗೆ ಗೂಡು ಹೆಣೆಯುತ್ತದೆ. ಮನುಷ್ಯನೂ ಸುಮ್ಮನಿರಲಿಲ್ಲ. ಮುಳ್ಳುಕೂದಲಿನ ಸಜ್ಜೆಯನ್ನು ಬಿತ್ತಿದರೆ ಹಕ್ಕಿಯ ಕಾಟ ಕಡಿಮೆಯೆಂದು ರೈತರು ಬಲ್ಲರು. ಒಗರು ಹೆಚ್ಚಿರುವ ಕೆಂಪು ಜೋಳವನ್ನು ಹಕ್ಕಿ ಅಷ್ಟಾಗಿ ಮುಟ್ಟದು. ಹೀಗೆ ಕೊಕ್ಕಿಗೂ ತೆನೆಗೂ ನಡೆದ ಹಳೆಯ ವ್ಯಾಜ್ಯ ನಮ್ಮ ಹೊಲಗಳಲ್ಲಿತ್ತು.

ಈಗ ಆ ಹೊಲಗಳಲ್ಲಿ ಹತ್ತಿಯೂ ಸೋಯಾಬೀನೂ ಬಂದಿವೆ. ಹತ್ತಿಯ ಕಾಯನ್ನು ತಿನ್ನುವ ಕೊಕ್ಕು ಯಾವ ಗುಬ್ಬಿಗೂ ಇಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಗುಬ್ಬಿ, ಗೀಜಗಗಳು ತಾವು ಕಾಳು ತಿಂದರೂ ಮರಿಗಳಿಗೆ ಉಣಿಸುವುದು ಹುಳುವನ್ನು. ಗೂಡಿನ ಮರಿಗೆ ಒಣ ಕಾಳು ಅರಗದು. ಹುಳುವಿಗೆ ಹೊಡೆದ ಔಷಧ ಆ ಮರಿಯ ತಾಟಿನ ಅನ್ನವನ್ನೂ ತೆಗೆಯುತ್ತದೆ. ಜಹೀರಾಬಾದಿನ ಸುತ್ತಿನ ಹಳ್ಳಿಗಳಲ್ಲಿ ಬಡ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಜೋಳ, ನವಣೆ, ಸಾವೆಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬಿತ್ತುವ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಅಂಥ ಹೊಲದ ಬದುವಿನಲ್ಲಿ ಅರ್ಧ ಗಂಟೆ ಕುಳಿತರೆ ಹಕ್ಕಿಗಳ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ನೀರಿನ ಕಥೆ ಇದಕ್ಕೆ ತದ್ವಿರುದ್ಧ. ತೆಲುಗಿನವರು ಮಂಜೀರ ಎನ್ನುವ ನಮ್ಮ ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟದಲ್ಲಿ ಹುಟ್ಟಿ, ಬೀದರವನ್ನು ಹಾದು ನಮ್ಮ ಕಡೆಗೆ ಬಂದು, ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮರಳೇ ಹೆಚ್ಚಾಗಿದ್ದ ಈ ಹೊಳೆಗೆ ನಿಜಾಮಸಾಗರದ ಕಟ್ಟೆ ಬಂದದ್ದು 1931ರಲ್ಲಿ, ಸಲೀಂ ಅಲಿಯವರ ಗಣತಿಯ ವರ್ಷವೇ. 1980ರ ದಶಕದ ಕೊನೆಗೆ ಸಿಂಗೂರಿನ ಕಟ್ಟೆ ಮುಗಿಯಿತು. ಹೈದರಾಬಾದಿಗೆ ಕುಡಿಯುವ ನೀರು ಹೋಯಿತು. ನಮ್ಮವರ ಊರು, ಎರೆಹೊಲಗಳು ಮುಳುಗಿದವು. ಅದರ ದುಃಖ ಬೇರೆಯೇ ಲೇಖನ. ಆದರೆ ನೀರು ನಿಂತಲ್ಲಿ ನೀರಿನ ಒಡಲುಳ್ಳವು ಬಂದವು. ಸಿಂಗೂರಿನ ಕೆಳಗಿನ ಹೊಳೆಪಾತ್ರವನ್ನು 1978ರಲ್ಲಿಯೇ ವನ್ಯಜೀವಿಧಾಮವೆಂದು ಸಾರಲಾಗಿತ್ತು. ಮೊಸಳೆಗಳ ಜೊತೆಗೆ ಹಕ್ಕಿಗಳಿಗೂ ಅದು ಆಸರೆಯಾಯಿತು.

ನಿವೃತ್ತಿಯ ಮುಂಚಿನ ಒಂದು ಚಳಿಗಾಲದಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಹಿನ್ನೀರಿನ ದಂಡೆಗೆ ಕರೆದೊಯ್ದಿದ್ದೆವು. ಹಲಗೆಯ ಮೇಲೆ ಮೂವತ್ತು ವರ್ಷ ಬರೆದ ಪಾಠವನ್ನು ಅಲ್ಲಿ ಒಂದೇ ಬೆಳಗಿನಲ್ಲಿ ನೋಡಿದೆವು. ದಂಡೆಯ ಕೆಸರಿನಲ್ಲಿ ಗಿಡ್ಡ ಕಾಲಿನ ಸಣ್ಣ ಹಕ್ಕಿಗಳು, ಮೊಣಕಾಲುದ್ದ ನೀರಿನಲ್ಲಿ ಬೆಳ್ಳಕ್ಕಿಗಳು, ಅದರಾಚೆ ಬಣ್ಣದ ಕೊಕ್ಕರೆಗಳು; ಕಾಲಿನ ಉದ್ದಕ್ಕೆ ತಕ್ಕಂತೆ ಆಳವನ್ನು ಹಂಚಿಕೊಂಡು, ಒಬ್ಬರ ತಾಟಿಗೆ ಒಬ್ಬರು ಕೈಹಾಕದೆ ನಿಂತಿದ್ದವು. ಬೆಳ್ಳಕ್ಕಿ ಕಣ್ಣಿನಿಂದ ಬೇಟೆಯಾಡುತ್ತದೆ; ಕತ್ತನ್ನು ಬಾಗಿಸಿ ನಿಂತು ಬಾಣದಂತೆ ಬಿಡುತ್ತದೆ. ಬಣ್ಣದ ಕೊಕ್ಕರೆಗೆ ಕಲಕಿದ ನೀರಾದರೂ ಅಡ್ಡಿಯಿಲ್ಲ. ಕೊಕ್ಕನ್ನು ಅರೆ ತೆರೆದು ನೀರಿನಲ್ಲಿಟ್ಟು, ಕಾಲಿನಿಂದ ಕೆದಕುತ್ತ, ಮೀನು ತಾಕಿದ ಕೂಡಲೆ ಮುಚ್ಚುತ್ತದೆ. ಚಮಚದ ಕೊಕ್ಕಿನ ಹಕ್ಕಿ, ಹೆಸರೇ ಹೇಳುವಂತೆ, ಚಪ್ಪಟೆ ತುದಿಯನ್ನು ಎಡಕ್ಕೂ ಬಲಕ್ಕೂ ಕುಡುಗೋಲಿನಂತೆ ಬೀಸುತ್ತ ನಡೆಯುತ್ತದೆ. ಬಾಯ್ಕಳಕನ ಎರಡು ಕೊಕ್ಕುಗಳ ನಡುವೆ ಒಂದು ಸಂದು. ಅದು ಹುಟ್ಟಿನ ಊನವಲ್ಲ, ನುಣುಪಾದ ಬಸವನಹುಳುವನ್ನು ಜಾರದಂತೆ ಹಿಡಿಯುವ ಇಕ್ಕಳ. ತಾವರೆಯೆಲೆಯ ಮೇಲೆ ನಡೆಯುವ ದೇವನಕ್ಕಿಯ ಬೆರಳು ಮೈಗಿಂತ ದೊಡ್ಡದಾಗಿ ಕಾಣುತ್ತವೆ. ಭಾರವನ್ನು ಹರಡಿದರೆ ಎಲೆ ಮುಳುಗದೆಂಬುದನ್ನು ಕೆಸರಿನಲ್ಲಿ ಹಲಗೆ ಹಾಕಿ ನಡೆದವರೆಲ್ಲ ಬಲ್ಲರು. ರಾಜಹಂಸ ಊಟಕ್ಕೆ ತಲೆಯನ್ನೇ ತಲೆಕೆಳಗು ಮಾಡುತ್ತದೆ. ಬಾಗಿದ ಕೊಕ್ಕಿನ ಒಳಗೆ ಜರಡಿ, ನಾಲಗೆಯೇ ಪಂಪು. ನೀರನ್ನು ಎಳೆದು, ಸೋಸಿ, ಹೊರಗೆ ಬಿಟ್ಟು, ಉಳಿದ ಕಣಗಳನ್ನು ನುಂಗುತ್ತದೆ.

ಆ ದಿನ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಬೆರಗಾದದ್ದು ಪಟ್ಟೆತಲೆಯ ಬಾತುಗಳಿಗೆ. ನೋಡಲು ಊರ ಬಾತಿನಂತೆಯೇ ಇರುವ ಇವು ಮಧ್ಯ ಏಷ್ಯದಲ್ಲಿ, ಟಿಬೆಟ್ಟಿನಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ, ನಮ್ಮ ಕಡಲೆಯ ಹೊಲಕ್ಕೆ ಮೇಯಲು ಬರುತ್ತವೆ. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಇವು ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ಅಲ್ಲಿಯ ತೆಳುಗಾಳಿಯಲ್ಲಿ ನಾವು ನಿಲ್ಲಲೂ ಆರೆವು. ಇವುಗಳ ರಕ್ತಕ್ಕೆ ಮಾತ್ರ ಇದ್ದಷ್ಟೇ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣವಿದೆ. ಕೊಕ್ಕು, ಕಾಲುಗಳಷ್ಟೇ ಅಲ್ಲ, ಕಣ್ಣಿಗೆ ಕಾಣದ ರಕ್ತವೂ ನೆಲೆಗೆ ತಕ್ಕುದಾಗಿರುತ್ತದೆಂದು ಆ ದಂಡೆಯಲ್ಲಿ ಹೇಳಿದೆವು. ಒಬ್ಬ ಹುಡುಗ, ‘ಹಂಗಾದ್ರ ಇವು ನಮ್ಮೂರಾವಾ, ಅಲ್ಲೀವಾ ಸರ್?’ ಎಂದು ಕೇಳಿದ. ಗಡಿನಾಡಿನ ಹುಡುಗ, ಪ್ರಶ್ನೆ ಸಹಜವೇ.

ನೀರು ಬಂದಲ್ಲಿ ಹಕ್ಕಿ ಬಂದರೆ, ಹುಲ್ಲು ಹೋದಲ್ಲಿ ಹಕ್ಕಿ ಹೋಗಬೇಕು. ದಖ್ಖನಿನ ಹುಲ್ಲುಬಯಲಿನ ದೊರೆಯಾಗಿದ್ದದ್ದು ಉತ್ತರ ಕರ್ನಾಟಕದವರು ಎರೆಭೂತ ಎನ್ನುವ, ತೆಲುಗಿನವರು ಬಟ್ಟಮೇಕ ಎನ್ನುವ ಹಕ್ಕಿ. ಎರೆಮಣ್ಣಿನ ಬಯಲಿನಲ್ಲಿ ಎತ್ತರದ ಜೀವವೊಂದು ಹುಲ್ಲಿನ ಮೇಲೆ ತಲೆಯೆತ್ತಿ ನಡೆದರೆ ಭೂತವೆನ್ನದೆ ಏನೆಂದಾರು! ಗಂಡು ಹದಿನೈದು ಕಿಲೋ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಇದೂ ಒಂದು. ಅದರ ಕಾಲಿನಲ್ಲಿ ಹಿಂಬೆರಳೇ ಇಲ್ಲ. ಮರದ ಕೊಂಬೆಯನ್ನು ಹಿಡಿಯಬೇಕಾದವನಿಗೆ ಹಿಂಬೆರಳು ಬೇಕು. ಬಯಲಿನಲ್ಲಿ ನಡೆಯುವವನಿಗೆ ಮುಂದಿನ ಮೂರು ಸಾಕು. ಕಣ್ಣುಗಳು ತಲೆಯ ಎರಡು ಬದಿಗೆ. ಬಯಲಿನ ಯಾವ ದಿಕ್ಕಿನಿಂದ ನರಿ ಬಂದರೂ ಕಾಣಬೇಕು. ಆ ಕಣ್ಣೇ ಈಗ ಅದಕ್ಕೆ ಮುಳುವಾಗಿದೆ. ಹಾರುವಾಗ ಎದುರಿನದು ಸರಿಯಾಗಿ ಕಾಣದು, ಭಾರದ ಮೈ ಥಟ್ಟನೆ ಹೊರಳದು. ಬಯಲಿಗೆ ಅಡ್ಡಲಾಗಿ ಎಳೆದ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ವರ್ಷಕ್ಕೆ ಸಾಧಾರಣವಾಗಿ ಒಂದೇ ಮೊಟ್ಟೆಯಿಡುವ ಜೀವಕ್ಕೆ ಈ ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಈ ತಂತಿಗಳ ವ್ಯಾಜ್ಯ ಹೋಗಿತ್ತು. ನಮ್ಮ ದಾಖಲೆಗಳಲ್ಲಿ ಹುಲ್ಲುಬಯಲಿಗೆ ‘ಬಂಜರು’ ಎಂದು ಹೆಸರು. ಬಂಜರೆಂದು ಬರೆದ ಮೇಲೆ ಅದನ್ನು ಉಳುವುದು, ಹಂಚುವುದು, ಗಿಡ ನೆಡುವುದು ಎಲ್ಲವೂ ಪುಣ್ಯದ ಕೆಲಸವೆನಿಸಿತು. ಅಲ್ಲಿ ಬಾಳುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಈಗ ನಾವು ಹೇಳಲೇಬೇಕಾದ, ಇಷ್ಟು ಹೊತ್ತು ಮುಂದೂಡುತ್ತ ಬಂದ ಸಂಗತಿಗೆ ಬರುತ್ತೇವೆ. ನಮ್ಮ ತರಗತಿಯ ಗೋಡೆಯ ಮೇಲೆ ಕೊಕ್ಕು ಮತ್ತು ಕಾಲುಗಳ ಒಂದು ಪಟವಿತ್ತು. ಅದರ ಮಧ್ಯದಲ್ಲಿ ರಣಹದ್ದು. ಪ್ರತಿವರ್ಷ ಕೋಲಿನಿಂದ ತೋರಿಸಿ ಹೇಳುತ್ತಿದ್ದೆವು: ತಲೆಯಲ್ಲಿಯೂ ಕತ್ತಿನಲ್ಲಿಯೂ ಗರಿಯಿಲ್ಲ, ಏಕೆಂದರೆ ಹೆಣದೊಳಗೆ ತಲೆ ಹಾಕಿದಾಗ ರಕ್ತ ಅಂಟಬಾರದು, ಉಗುರು ಮೊಂಡ, ಏಕೆಂದರೆ ಸತ್ತದ್ದು ಓಡುವುದಿಲ್ಲ, ರೆಕ್ಕೆ ಅಗಲ, ಏಕೆಂದರೆ ಬಿಸಿಲೇರಿದ ಮೇಲೆ ಮೇಲೇಳುವ ಗಾಳಿಯಲ್ಲಿ ಬಡಿಯದೆ ತೇಲಬೇಕು, ಹೊಟ್ಟೆಯ ಆಮ್ಲ ಎಷ್ಟು ಉಗ್ರವೆಂದರೆ ನೆರಡಿರೋಗದಲ್ಲಿ ಸತ್ತ ದನವನ್ನೂ ಅರಗಿಸಬಲ್ಲದು. ನಾವು ಹುಡುಗರಾಗಿದ್ದಾಗ ಊರ ಹೊರಗಿನ ಹಳ್ಳದ ದಂಡೆಗೆ ಸತ್ತ ಎತ್ತನ್ನು ಎಳೆದು ಹಾಕಿದರೆ ಒಂದು ಗಂಟೆಯೊಳಗೆ ಎಲುಬು ಉಳಿಯುತ್ತಿತ್ತು. ಜಟಾಯುವಿನ ಕುಲವೆಂದು ಯಾರೂ ಕಲ್ಲು ಹೊಡೆಯುತ್ತಿರಲಿಲ್ಲ.

2000ನೆಯ ಇಸವಿಯ ಆಸುಪಾಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ‘ಇದು ಎಲ್ಲಿ ಇರ್ತದ್ರೀ ಸರ್?’ ಎಂದು ಕೇಳಿದಳು. ‘ಹಳ್ಳದ ಕಡಿ ಹೋಗಿ ನೋಡವ್ವ’ ಎಂದೆವು. ಮರುದಿನ ಬಂದು, ‘ಹೋಗಿ ನೋಡಿದ್ವಿ ಸರ್, ಅಲ್ಲಿ ನಾಯಿ ಅಷ್ಟೇ ಅವ’ ಎಂದಳು. ಆ ಸಂಜೆ ನಾವೇ ಹಳ್ಳಕ್ಕೆ ಹೋದೆವು. ಸತ್ತ ಎಮ್ಮೆಯೊಂದು ಬಿದ್ದಿತ್ತು; ನಾಲ್ಕಾರು ನಾಯಿಗಳು, ಕಾಗೆಗಳು, ತಡೆಯಲಾರದ ನಾತ. ಆಕಾಶದಲ್ಲಿ ಏನೂ ಇರಲಿಲ್ಲ. ರಣಹದ್ದಿನ ಪಾಠವನ್ನು ನಾವು ವರ್ಷ ತಪ್ಪದೆ ಹೇಳುತ್ತಿದ್ದೆವು. ರಣಹದ್ದು ಹೋದದ್ದನ್ನು ಗಮನಿಸಿರಲಿಲ್ಲ.

ಕಾರಣ ತಿಳಿದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ದನಗಳಿಗೆ ನೋವು ಇಳಿಸಲು ಕೊಡುವ ಡೈಕ್ಲೋಫಿನ್ಯಾಕ್ ಎಂಬ ಔಷಧ ಆ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂದು ತೋರಿಸಿದರು. ನೂರು ಹೆಣಗಳಲ್ಲಿ ಒಂದರಲ್ಲಿ ಆ ಔಷಧವಿದ್ದರೂ ಇಡೀ ಸಂತತಿ ಕುಸಿಯಲು ಸಾಕು. ಒಂದು ಹೆಣಕ್ಕೆ ಎರಗುವವು ಹತ್ತಾರು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಕಡಿಮೆಯಾಯಿತು. 2006ರಲ್ಲಿ ದನಗಳಿಗೆ ಆ ಔಷಧವನ್ನು ಕೊಡುವುದನ್ನು ಭಾರತ ನಿಷೇಧಿಸಿತು. ಹದ್ದಿಗೆ ಕೇಡಿಲ್ಲದ ಮೆಲಾಕ್ಸಿಕ್ಯಾಂ ಎಂಬ ಬೇರೆ ಔಷಧವೂ ಇದೆ. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಕರ್ನಾಟಕ ಸಾರಿತು. ಎಷ್ಟೋ ಲಕ್ಷ ವರ್ಷಗಳಲ್ಲಿ ರೋಗದ ಹೆಣವನ್ನೂ ಜಯಿಸಿದ ಆ ಹೊಟ್ಟೆಗೆ, ಆಗಷ್ಟೇ ಬಂದ ಒಂದು ಸೂಜಿಮದ್ದನ್ನು ಕಲಿಯಲು ಸಮಯ ಸಿಗಲಿಲ್ಲ. 1977ರ ಬರದಲ್ಲಿ ದ್ವೀಪದ ಹಕ್ಕಿಗಳಲ್ಲಿ ದಪ್ಪ ಕೊಕ್ಕಿನವು ಕೆಲವಾದರೂ ಇದ್ದವು; ಈ ಔಷಧವನ್ನು ತಡೆಯುವ ಮೂತ್ರಪಿಂಡದವು ನಮ್ಮ ಹದ್ದುಗಳಲ್ಲಿ ಇರಲಿಲ್ಲ.

ನಮ್ಮ ಮನೆಯ ಎತ್ತೊಂದು ಆ ವರ್ಷಗಳಲ್ಲಿ ಕುಂಟುತ್ತಿತ್ತು. ನೋವಿಗೆಂದು ಸೂಜಿ ಹಾಕಿಸಿದೆವು. ಮೂಕಪ್ರಾಣಿಯ ನೋವು ನೋಡಲಾಗದೆ ಹಾಕಿಸಿದ್ದು. ಔಷಧದ ಹೆಸರನ್ನು ಕೇಳಲಿಲ್ಲ. ನಾಲ್ಕನೆಯ ದಿನ ಎತ್ತು ಸತ್ತಿತು, ಹಳ್ಳದ ದಂಡೆಗೇ ಹೋಯಿತು.

ನಿವೃತ್ತಿಯ ಬಳಿಕ ನಾವು ಒಂದು ದಪ್ಪ ನೋಟುಬುಕ್ಕಿನಲ್ಲಿ ಕಂಗ್ಟಿ ಸುತ್ತಿನ ಹಕ್ಕಿಗಳನ್ನು ಬರೆಯುತ್ತಿದ್ದೇವೆ. ಹಾಜರಿ ಪುಸ್ತಕದಂತೆ ಅಂಕಣ ಎಳೆದಿದ್ದೇವೆ: ಕನ್ನಡದ ಹೆಸರು, ತೆಲುಗಿನ ಹೆಸರು, ಕೊಕ್ಕು, ಕಾಲು, ತಿನಿಸು, ಕಾಣುವ ಸ್ಥಳ, ಕೊನೆಯ ಬಾರಿ ಕಂಡ ದಿನ. ತೆಲುಗಿನ ಹೆಸರನ್ನು ತೆಲುಗು ಮಾಧ್ಯಮದಲ್ಲಿ ಓದುವ ನಮ್ಮ ಮೊಮ್ಮಗಳು ತುಂಬುತ್ತಾಳೆ. ಕನ್ನಡದ ಹೆಸರನ್ನು ನಾವು ಹೇಳಿದ ಮೇಲೆ ಅವಳೇ ಬರೆದು ಒತ್ತಕ್ಷರ ತಿದ್ದಿಸಿಕೊಳ್ಳುತ್ತಾಳೆ. ನೀಲಕಂಠದ ಸಾಲಿನಲ್ಲಿ ಕೊನೆಯ ಅಂಕಣವನ್ನು ಪ್ರತಿವಾರ ಅಳಿಸಿ ಹೊಸ ತಾರೀಖು ಹಾಕುತ್ತೇವೆ. ಬಾಯ್ಕಳಕನದು ಹೋದ ತಿಂಗಳಿನದು. ರಣಹದ್ದಿನ ಸಾಲಿನಲ್ಲಿ ಅವಳು ‘ರಾಬಂದು’ ಎಂದು ಬರೆದು, ಕೊಕ್ಕು ಕಾಲುಗಳ ವಿವರವನ್ನು ನಾವು ಹೇಳಿದಂತೆ ಪೂರ್ತಿ ತುಂಬಿ, ಕೊನೆಯ ಅಂಕಣಕ್ಕೆ ಬಂದಾಗ ಪೆನ್ನು ಹಿಡಿದು ಕಾದಳು. ಆ ಮನೆ ಇನ್ನೂ ಖಾಲಿಯೇ ಇದೆ.